ಹಾಲು ಹತ್ತಿ, ಸುಣ್ಣದ ಹತ್ತಿ

"ಇದಕ್ಕೆ ಹಾಲು ಅಂತಾರಾ?"

ಹತ್ತಿ ಅಂಗಡಿಯ ಮೇಜಿನ ಮೇಲೆ ಧೊಪ್ಪನೆ ಬಿದ್ದ ಗಂಟನ್ನು ಅಂಗಡಿಯವನು ನೋಡಿದ. ಆಮೇಲೆ ಗಂಟು ಎಸೆದವಳನ್ನು ನೋಡಿದ.

ಬಿಸಿಲಲ್ಲಿ ದಾಪುಗಾಲು ಹಾಕಿ ಬಂದ ಮುಖ. ಕೆಂಪೇರಿದ ಮೂಗು. ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಹೊಲಿಯುತ್ತಾ ಕೂತವಳು ಹಾಗೇ ಎದ್ದು ಬಂದಿದ್ದಾಳೆ ಅಂತ ಯಾರು ಬೇಕಾದರೂ ಹೇಳಬಹುದಿತ್ತು.

"ನಮಸ್ಕಾರ," ಎಂದ ಅವನು.

"ನಿಮ್ಮ ನಮಸ್ಕಾರ ನೀವೇ ಇಟ್ಕೊಳ್ಳಿ. ಮೊದಲು ಬಿಚ್ಚಿ ನೋಡಿ."

ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಸುಳ್ಳೇಕೆ ಹೇಳಬೇಕು. ಬೀದಿಯವರು ಅವಳನ್ನು ಸೂಜಿ ಅಂತ ಕರೆಯುತ್ತಿದ್ದದ್ದು ಹೊಲಿಗೆಯವಳು ಎಂಬ ಒಂದೇ ಕಾರಣಕ್ಕಲ್ಲ. ಆದರೆ ಇವತ್ತಿನ ಕೋಪ ಬೇರೆ. ಇವತ್ತಿನದು ಎಲ್ಲಿ ಅಳು ಬಂದುಬಿಡುತ್ತದೋ ಅಂತ ಬರಿಸಿಕೊಂಡ ಕೋಪ. ಅದು ಎದುರಿಗೆ ನಿಂತವನಿಗೆ ಹೇಗೆ ಗೊತ್ತಾಗಬೇಕು ಪಾಪ!

ಅವನು ಗಂಟು ಬಿಚ್ಚಿದ. ಒಳಗಿದ್ದದ್ದು ಒಂದು ರಜಾಯಿ. ಬಿಳಿ ಬಟ್ಟೆಯ ತುಂಡು, ತಿಳಿ ನೀಲಿಯ ತುಂಡು, ಮತ್ತೆ ಬಿಳಿ. ಒಗೆದು ಒಗೆದು ತೆಳ್ಳಗಾದ ಬಟ್ಟೆ. ಹೊಲಿಗೆ ಮಾತ್ರ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಆದರೆ ಆ ಬಿಳುಪಿನ ಉದ್ದಗಲಕ್ಕೂ, ಯಾರೋ ಕಾಳುಮೆಣಸಿನ ಪುಡಿ ಚೆಲ್ಲಿ ಹೋದ ಹಾಗೆ, ಕಂದು ಚುಕ್ಕೆಗಳು.

"ಫೋನಲ್ಲಿ ಹಾಲು ಬೇಕು ಅಂದಿದ್ದೆ. ಹಾಲಿನಂಥ ಹತ್ತಿ. ನೀವು ಕಳಿಸಿದ್ದೇನು? ಕಸ."

"ಕಸ ಅಲ್ಲ ಅದು. ಹತ್ತಿ ಬೀಜದ ಸಿಪ್ಪೆ. ಬಿಳುಪು ಮಾಡದ ಹತ್ತೀಲಿ ಇರುತ್ತೆ."

"ಇರುತ್ತೆ ಅಂತ ಎಷ್ಟು ತಣ್ಣಗೆ ಹೇಳ್ತೀರ್ರೀ..."

"ನೀವು ಹಾಲು ಕೇಳಿದ್ರಿ. ಹಾಲೇ ಕಳಿಸಿದೆ."

'ಇವನೇನು, ಕಿವೀಲೂ ಹತ್ತಿ ತುಂಬ್ಕೊಂಡಿದಾನಾ?' ಅನ್ನಿಸಿತು ಅವಳಿಗೆ.

ಅವನು ಬೆನ್ನ ಹಿಂದಿನ ಗೂಡುಗಳ ಕಡೆ ಕೈ ತೋರಿಸಿದ. ಹಾಳೆ ಹಾಳೆಯಾಗಿ ಸುತ್ತಿಟ್ಟ ಹತ್ತಿಯ ಸುರುಳಿಗಳು ಅಲ್ಲಿ ಸಾಲಾಗಿ ಕೂತಿದ್ದವು.

"ಇದು ಹಾಲು. ಕಾಯಿಸಿದ ಹಾಲಿಗೆ ಕೆನೆ ಕಟ್ಟುತ್ತಲ್ಲ, ಆ ಬಣ್ಣ. ಗಿಡದಿಂದ ಬಂದ ಹಾಗೇ ಇರೋ ಹತ್ತಿ. ಪಕ್ಕದ್ದು ಸುಣ್ಣ, ಅದನ್ನೇ ಬಿಳುಪು ಮಾಡಿದ್ದು. ಮೇಲಿರೋದು ಗಾಜು, ಅದು ಹತ್ತೀನೇ ಅಲ್ಲ, ಸಿಂಥೆಟಿಕ್. ಆ ಕಪ್ಪು ಸುರುಳಿ ಹೊಗೆ, ಗಾಢ ಬಣ್ಣದ ಬಟ್ಟೆಗೆ. ಎಲ್ಲಾ ನಮ್ಮಪ್ಪ ಇಟ್ಟ ಹೆಸರು. ನಿಮಗೆ ಬೇಕಾಗಿದ್ದು ಸುಣ್ಣ."

"ಊರಿಗೆಲ್ಲ ಹಾಲು ಅಂದ್ರೆ ಬಿಳಿ. ನಿಮ್ಮಂಗಡೀಲಿ ಮಾತ್ರ ಹಾಲಿಗೂ ಬೇರೆ ಅರ್ಥಾನಾ? ಗಿರಾಕಿಗಳು ಅದನ್ನ ಕನಸಲ್ಲಿ ಕಂಡ್ಕೋಬೇಕಾ?"

"ಬಟ್ಟೆ ತೆಳುವಾ, ತಿಳಿ ಬಣ್ಣಾನಾ ಅಂತ ನಾನು ಕೇಳಿದ್ದೆ."

ಹೌದು, ಕೇಳಿದ್ದ. 'ಹೇಳಿದ್ದು ಕಳಿಸಿ ಸಾಕು, ಭಾಷಣ ಬೇಡ' ಅಂತ ಫೋನ್ ಇಟ್ಟವಳು ಅವಳೇ. ಆದರೆ ಪಿತ್ತ ನೆತ್ತಿಗೇರಿದ ಹೊತ್ತಲ್ಲಿ ಯಾರಾದರೂ ತಪ್ಪು ಒಪ್ಪಿಕೊಂಡದ್ದುಂಟಾ? ನೀವೇ ಹೇಳಿ.

"ಕೇಳಿದ್ರೆ ಕೇಳಿದ್ರಿ. ಈಗ ನಮ್ಮ ದೊಡ್ಡಮ್ಮನಿಗೆ ನಾನೇನು ಉತ್ತರ ಹೇಳ್ಲಿ?"

ಕೊನೆಯ ಮಾತಿಗೆ ಅವಳ ದನಿ ಬಿರುಕು ಬಿಟ್ಟಿತು. ಅವನು ಅದನ್ನು ಕೇಳಿಸಿಕೊಂಡ.

"ಬೇರೆ ಬಟ್ಟೇಲಿ ಇನ್ನೊಂದು..."

"ಎಲ್ಲಿಂದ ತರ್ಲಿ? ಇದು ಅಂಗಡೀಲಿ ಸಿಗೋ ಬಟ್ಟೆ ಅಲ್ಲ. ಇರೋದೇ ಇಷ್ಟು."

---

ಇರುವುದೇ ಅಷ್ಟು ಎಂದರೆ ಅಷ್ಟೇ. ಅವು ದೊಡ್ಡಮ್ಮನ ಬಿಳಿ, ತಿಳಿ ನೀಲಿ ಕೋಟುಗಳು.

ದೊಡ್ಡಮ್ಮ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅಮ್ಮ ತೀರಿಕೊಂಡಾಗ ಇನ್ನೂ ಹಾಲುಹಲ್ಲು ಬಿದ್ದಿರದ ಹುಡುಗಿಯನ್ನು ಕೈಹಿಡಿದು ಕರೆತಂದು, ಹಗಲು ಪಾಳಿ ರಾತ್ರಿ ಪಾಳಿ ಅಂತ ಏಗಾಡಿಕೊಂಡೇ ಸಾಕಿದಳು. ಮನೆಯಲ್ಲಿ ಅಡುಗೆ ಕರಟಿದರೂ ಸುಮ್ಮನಿರುತ್ತಿದ್ದಳು. ಕೋಟಿನ ಮೇಲೆ ಒಂದು ಕಲೆ ಕಂಡರೆ ಮಾತ್ರ ರೌದ್ರಾವತಾರ.

ದೊಡ್ಡಮ್ಮ ನಿವೃತ್ತಿಯಾದ ದಿನವೇ ಹುಡುಗಿ ಆ ಕೋಟುಗಳನ್ನೆಲ್ಲ ಗುಟ್ಟಾಗಿ ತನ್ನ ಹೊಲಿಗೆ ಅಂಗಡಿಗೆ ಸಾಗಿಸಿದ್ದಳು. ರಜಾಯಿ ಹೊಲಿದು ಕೊಟ್ಟು ದೊಡ್ಡಮ್ಮನನ್ನು ಬೆರಗುಗೊಳಿಸಬೇಕು ಎಂಬ ಆಸೆ.

ಬೆರಗುಗೊಳಿಸಿದ್ದು ದೊಡ್ಡಮ್ಮನೇ.

"ನಾನು ಮದುವೆ ಆಗ್ತಿದ್ದೀನಿ ಕಣೇ," ಎಂದಿದ್ದಳು ಒಂದು ಸಂಜೆ ಬಟ್ಟೆ ಮಡಚುತ್ತಾ. ಗಂಡು, ಅದೇ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿ ನಿವೃತ್ತನಾದ ಡ್ರೈವರ್. ಅವನ ಮನೆ ಬೇರೆ ಊರಲ್ಲಿ. ಮೂರು ವಾರ ಕಳೆದು ಬರುವ ಭಾನುವಾರ ಅಲ್ಲಿಗೆ ಹೊರಡುವುದು.

ಹುಡುಗಿ ನಗುನಗುತ್ತಾ ತಬ್ಬಿಕೊಳ್ಳಬೇಕಿತ್ತು. ತಬ್ಬಿಕೊಳ್ಳಲಿಲ್ಲ. ಆ ಡ್ರೈವರಿಗೆ 'ಸೈರನ್' ಅಂತ ಹೆಸರಿಟ್ಟು ಮುಖ ಗಂಟು ಹಾಕಿಕೊಂಡಳು. ಎರಡು ದಿನ ಬಿಟ್ಟು, ಪೆಟ್ಟಿಗೆ ತುಂಬುತ್ತಿದ್ದ ದೊಡ್ಡಮ್ಮ ಕೇಳಿದಳು.

"ನನ್ನ ಕೋಟುಗಳು ಎಲ್ಲೇ?"

"ಎಸೆದೆ. ಹೋಗೋರಿಗೆ ಅವೆಲ್ಲ ಯಾಕೆ?"

ಯಾವ ಬಾಯಲ್ಲಿ ಆ ಮಾತು ಬಂತೋ! ದೊಡ್ಡಮ್ಮ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಂದೀಚೆಗೆ ಮನೆಯಲ್ಲಿ 'ಊಟ ಆಯ್ತಾ', 'ಗ್ಯಾಸ್ ಆಫ್ ಮಾಡು' ಬಿಟ್ಟರೆ ಮಾತಿಲ್ಲ.

ಹತ್ತಿಗೆ ಫೋನ್ ಮಾಡಿದ್ದು ಅದೇ ಸಂಜೆ. ಆಡಿದ ಮಾತನ್ನು ನುಂಗುವ ದಾರಿ ಅವಳಿಗೆ ಇದೊಂದೇ ಉಳಿದಿತ್ತು. ರಜಾಯಿ ಮುಗಿಸಿ ಭಾನುವಾರದೊಳಗೆ ದೊಡ್ಡಮ್ಮನ ಮಡಿಲಿಗೆ ಹಾಕುವುದು. ಇಲ್ಲದಿದ್ದರೆ ಇಷ್ಟು ವರ್ಷ ಸಾಕಿದವಳನ್ನು 'ಎಸೆದೆ' ಅನ್ನುವ ಮಾತಿನ ಮೇಲೆ ಕಳಿಸಿಕೊಟ್ಟ ಹಾಗಾಗುತ್ತಿತ್ತು. ಈಗ ನೋಡಿದರೆ ರಜಾಯಿಯೇ ಕೊಳಕು ಮೆತ್ತಿದ ಹಾಗೆ ಕಾಣುತ್ತಿದೆ. ಚುಕ್ಕೆ ಕಲೆ ಸಹಿಸದವಳಿಗೆ ಇದನ್ನು ಕೊಡುವುದಕ್ಕಿಂತ ಎಸೆದದ್ದೇ ವಾಸಿ ಅನ್ನಿಸಿಬಿಡುತ್ತದೆ.

ಇದೆಲ್ಲ ಹತ್ತಿ ಅಂಗಡಿಯವನಿಗೆ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ.

"ಬಿಚ್ಚೋಣ," ಎಂದ ಅವನು.

"ಏನು?"

"ಹೊಲಿಗೆ ಬಿಚ್ಚೋಣ. ಹಾಲು ತೆಗೆದು ಬೇರೆ ಹಾಕೋಣ. ಈ ಮೇಜು ದೊಡ್ಡದಿದೆ, ಕಿಟಕಿ ಬೆಳಕೂ ಚೆನ್ನಾಗಿದೆ. ಮಧ್ಯಾಹ್ನ ಊಟ ಆದ್ಮೇಲೆ ಗಿರಾಕಿಗಳು ಕಮ್ಮಿ."

"ಅಂದ್ರೆ ತಪ್ಪು ನಿಮ್ದು ಅಂತ ಒಪ್ಕೊಂಡ ಹಾಗಾಯ್ತು."

"ಇಲ್ಲ. ಬಿಚ್ಚೋಣ ಅಂದೆ, ಅಷ್ಟೆ."

ಅವಳು ಹಲ್ಲು ಕಡಿದಳು. ಆದರೂ ಮರುದಿನ ಮಧ್ಯಾಹ್ನ ಬಂದಳು.

---

ಹಳೇ ಬಟ್ಟೆಯ ಹೊಲಿಗೆ ಬಿಚ್ಚುವುದೆಂದರೆ ತಾಳ್ಮೆಯ ಕೆಲಸ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಬೇಕು, ಕತ್ತರಿಸಬೇಕು, ದಾರ ಎಳೆಯಬೇಕು. ಜಗ್ಗಿದರೆ ಬಟ್ಟೆ ಪರ್ ಅನ್ನುತ್ತದೆ. ತಾಳ್ಮೆ ಇಲ್ಲದವಳು ಮೇಜಿನ ಈಚೆಗೆ ಕೂತಳು. ತಾಳ್ಮೆ ಬಿಟ್ಟು ಬೇರೇನೂ ಇಲ್ಲವೇನೋ ಅನ್ನಿಸುವವನು ಆಚೆಗೆ ಕೂತ. ಇವು ದೊಡ್ಡಮ್ಮನ ಕೋಟುಗಳು, ಅವಳು ಊರಿಗೆ ಹೊರಡುವ ಭಾನುವಾರದೊಳಗೆ ಮುಗಿಯಬೇಕು ಅಂತಷ್ಟೇ ಅವನಿಗೆ ಹೇಳಿದಳು, 'ಎಸೆದೆ' ಅಂದದ್ದನ್ನು ಹೇಳಲಿಲ್ಲ.

"ಎಳೀಬೇಡಿ ಹಾಗೆ. ಅದು ಗೋಣಿಚೀಲ ಅಲ್ಲ."

"ಸರಿ."

"ಕತ್ತರಿ ಆ ಕಡೆ ತಿರುಗಿಸಿ."

"ಸರಿ."

"ಎಲ್ಲಾದಕ್ಕೂ ಸರಿ ಅಂದ್ರೆ ನನಗೆ ಮೈ ಉರಿಯುತ್ತೆ."

"ಸ... ಆಯ್ತು."

'ಹತ್ತಿ ಮೂಟೆ,' ಎಂದು ಅವಳು ಮನಸ್ಸಲ್ಲೇ ಹೆಸರಿಟ್ಟಳು. 'ಎಷ್ಟು ಗುದ್ದಿದರೂ ಸದ್ದಿಲ್ಲ.' ತುಟಿಯಂಚಿಗೆ ನಗು ಬಂದದ್ದನ್ನು ನೋಡಿ ಅವಳಿಗೇ ಸಿಟ್ಟು ಬಂತು. ನಗುವುದಕ್ಕಾ ಇಲ್ಲಿಗೆ ಬಂದದ್ದು?

ಒಂದು ಅಂಚು ಪೂರ್ತಿ ಬಿಚ್ಚಿಕೊಂಡ ದಿನ ಅವನು ಹತ್ತಿಯ ಮಾತೆತ್ತಿದ. ಮೇಜಿನ ಮೇಲೆ ಸುರುಳಿಗಳನ್ನು ಹರಡಿ, ಒಂದೊಂದರ ಮೇಲೂ ಕೋಟಿನ ಬಟ್ಟೆಯನ್ನು ಹಾಸಿ ತೋರಿಸಿದ. ಹಾಲಿನ ಕತೆ ಗೊತ್ತೇ ಇತ್ತು. ಹೊಗೆಯ ಮೇಲೆ ಹಾಸಿದರೆ ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಗಾಜು ಮಾತ್ರ ಕಣ್ಣಿಗೆ ಹಬ್ಬ. ಹಗುರ, ಉಬ್ಬು, ಚೂರೂ ಕಲೆಯಿಲ್ಲ.

"ಇದೇ ಹಾಕೋಣ," ಎಂದಳು ಅವಳು.

"ಬೇಡ. ಬಟ್ಟೆ ಸವೆದಿದೆ. ನಾಲ್ಕು ಸಲ ಒಗೆದ್ರೆ ಇದರ ಎಳೆಗಳು ಹೊರಗೆ ಬರುತ್ತೆ. ರಜಾಯಿಗೆ ಗಡ್ಡ ಬೆಳೆಯುತ್ತೆ."

"ಹಾಗಾದ್ರೆ ನಿಮ್ಮಪ್ಪನ ಆ ಸುಣ್ಣಾನೋ ಬಣ್ಣಾನೋ, ಅದನ್ನೇ ಕೊಡಿ. ಹೆಸರಿಡೋಕೂ ಒಂದು ಯೋಗ್ಯತೆ ಬೇಕು."

ಹತ್ತಿ ಮೂಟೆ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ.

"ನನ್ನ ಎಷ್ಟು ಬೇಕಾದ್ರೂ ಬೈರಿ. ಅಪ್ಪನ ವಿಷಯಕ್ಕೆ ಬರ್ಬೇಡಿ. ಅವರು ಕಣ್ಣಿಗೆ ಕಂಡ ಹಾಗೆ ಹೆಸರಿಟ್ರು. ಈ ಬೀದೀಲಿ ಎಲ್ಲರಿಗೂ ಅರ್ಥ ಆಗುತ್ತೆ. ನಿಮಗೆ ಆಗದೆ ಹೋದ್ರೆ ಅದು ಅವರ ತಪ್ಪಲ್ಲ."

ಅವನ ದನಿ ಏರಿರಲಿಲ್ಲ. ಆದರೆ ಕಣ್ಣು ಕೆಂಪಾಗಿತ್ತು. ಅಪ್ಪ ಹೋಗಿ ಬಹಳ ದಿನ ಆಗಿಲ್ಲ ಅಂತ ಅವಳಿಗೆ ಆಗ ಹೊಳೆಯಿತು. ಗೋಡೆಯ ಮೇಲಿನ ಫೋಟೋಗೆ ಹೊಸ ಚೌಕಟ್ಟಿತ್ತು. ಇಷ್ಟು ದಿನ ಕೂತು ಅದನ್ನು ನೋಡೇ ಇರಲಿಲ್ಲವಲ್ಲ ತಾನು...

ಅವಳು ಎದ್ದು ಹೊರಟುಹೋದಳು. ಕ್ಷಮಿಸಿ ಅನ್ನುವ ಮಾತು ಅವಳ ಬಾಯಿಗೆ ಎಂದೂ ಸಲೀಸಾಗಿ ಬಂದದ್ದಲ್ಲ.

ಮರುದಿನ ಬಂದವಳು ಬ್ಯಾಗು ಕೆಳಗಿಡುವ ಮೊದಲೇ ಹೇಳಿದಳು.

"ಸುಣ್ಣ ಕೊಡಿ. ತೆಳು ಹಾಳೆ ಇರಲಿ. ಹೆಸರು... ಸರಿಯಾಗೇ ಇದೆ. ಸುಣ್ಣ ಬಳಿದ ಗೋಡೆ ಹಾಗೇ ಇದೆ."

ಅವನು ಅವಳ ಮುಖ ನೋಡಿದ, ಸುರುಳಿ ತಂದು ಹಾಸಿದ. ಸುಣ್ಣದ ಮೇಲೆ ಬಟ್ಟೆ ಬೆಳ್ಳಗೆ ಕಂಡಿತು. ಆದರೆ ತುಂಡಿಗೆ ತುಂಡು ಕೂಡುವಲ್ಲಿ ಒಳಗೆ ಮಡಚಿದ ಅಂಚುಗಳು ಗೆರೆ ಗೆರೆಯಾಗಿ ಎದ್ದು ಕಂಡವು.

"ನಡುವೆ ಒಂದು ತೆಳು ಬಿಳಿ ಮಲ್ ಬಟ್ಟೆ ಹಾಕಿದ್ರೆ?" ಅಂದ ಅವನು.

"ದಪ್ಪ ಆಗುತ್ತೆ. ಮೊದಲು ಅಂಚುಗಳನ್ನ ಸಣ್ಣಕ್ಕೆ ಕತ್ತರಿಸಿ, ನೀಲಿ ತುಂಡಿನ ಕಡೆ ಮಡಚಿ ಇಸ್ತ್ರಿ ಹಾಕ್ತೀನಿ. ಬಿಳಿ ಕಡೆ ಮಡಚಿದ್ದೇ ತಪ್ಪು." ಕತ್ತರಿಗೆ ಕೈ ಹಾಕಿದಳು. "ಆಮೇಲೂ ಕಂಡ್ರೆ... ನಿಮ್ಮ ಮಲ್ ಬಟ್ಟೆ ಹಾಕೋಣ."

ಅಂದಿನಿಂದ ಜಗಳ ನಿಂತಿತು ಅಂದುಕೊಂಡಿರಾ? ಇಲ್ಲ. ಕಿಟಕಿಯ ಬಾಗಿಲು ಎಷ್ಟು ತೆರೆಯಬೇಕು ಎನ್ನುವುದಕ್ಕೂ ಜಗಳವಾಯಿತು. ಟೀಗೆ ಎಷ್ಟು ಸಕ್ಕರೆ ಎನ್ನುವುದಕ್ಕೂ ಆಯಿತು. ಆದರೆ ಮಧ್ಯಾಹ್ನ ಆಗುತ್ತಿದ್ದಂತೆ ಅವಳ ಕಣ್ಣು ಗಡಿಯಾರದ ಕಡೆ ಓಡುತ್ತಿತ್ತು. ಮೆಷಿನ್ ಮುಚ್ಚುವ ಮೊದಲು ಕನ್ನಡಿ ನೋಡಿಕೊಳ್ಳುತ್ತಿದ್ದಳು. ನೋಡಿಕೊಂಡದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

"ನಿಮ್ಮ ತಲೆ ಮೇಲೆ ಹತ್ತಿ," ಎಂದ ಅವನು ಒಮ್ಮೆ.

"ಹತ್ತಿ ಅಂಗಡೀಲಿ ಇನ್ನೇನು ಚಿನ್ನ ಉದುರುತ್ತಾ?"

"ಚೆನ್ನಾಗಿ ಕಾಣ್ತಿದೆ ಅಂತ ಹೇಳೋಕೆ ಬಂದೆ."

ಅವಳ ಕೈಯಲ್ಲಿದ್ದ ಸೂಜಿ ದಾರಿ ತಪ್ಪಿತು. ಆಮೇಲೆ ಒಂದು ಗಂಟೆ ಅವಳು ಯಾವುದಕ್ಕೂ ಬೈಯಲಿಲ್ಲ.

---

ಎಲ್ಲ ಸರಿಹೋಗುತ್ತಿದೆ ಅನ್ನುವಾಗಲೇ ಅಲ್ಲವೇ ಎಡವಟ್ಟಾಗುವುದು.

ಬುಧವಾರ ಸಂಜೆ ದಾರ ಕೊಂಡು ಮನೆಗೆ ಬಂದವಳಿಗೆ ಬಾಗಿಲಲ್ಲಿ ಗಂಡಸರ ಚಪ್ಪಲಿ ಕಂಡಿತು. ಸೈರನ್ ಬಂದಿದ್ದಾನೆ ಅಂದುಕೊಂಡು ಮುಖ ಊದಿಸಿಕೊಂಡು ಒಳಗೆ ಕಾಲಿಟ್ಟಳು.

ಕೂತಿದ್ದದ್ದು ಹತ್ತಿ ಅಂಗಡಿಯವನು. ಎದುರಿಗೆ ದೊಡ್ಡಮ್ಮ. ದೊಡ್ಡಮ್ಮನ ಮುಖ ಬಿಳಿಚಿಕೊಂಡಿತ್ತು.

"ತಪ್ಪು ನಮ್ಮಂಗಡೀದು ಅಮ್ಮಾ," ಎನ್ನುತ್ತಿದ್ದ ಅವನು. "ಅವರನ್ನ ಬೈಬೇಡಿ. ನಿಮ್ಮ ಕೋಟಿನ ಒಂದು ತುಂಡೂ ಹಾಳಾಗಿಲ್ಲ. ಎಲ್ಲಾ ಜೋಪಾನವಾಗಿದೆ. ಭಾನುವಾರದೊಳಗೆ ರಜಾಯಿ ಮುಗಿಸ್ತಾರೆ."

ಅವಳು ದಾರದ ಪೊಟ್ಟಣವನ್ನು ಕುರ್ಚಿಯ ಮೇಲೆ ಎಸೆದಳು.

"ನಿಮ್ಮನ್ನ ಇಲ್ಲಿಗೆ ಯಾರು ಕರೆದ್ರು?"

ಅವನು ಗಾಬರಿಯಾಗಿ ಎದ್ದು ನಿಂತ. "ದೊಡ್ಡಮ್ಮನಿಗೆ ಏನು ಉತ್ತರ ಹೇಳ್ಲಿ ಅಂದಿದ್ರಲ್ಲ ಅವತ್ತು... ಅವರಿಗೆ ಗೊತ್ತಿದೆ, ಬೈತಿದ್ದಾರೆ ಅಂದ್ಕೊಂಡೆ. ನಾನು ಬಂದು ಹೇಳಿದ್ರೆ..."

"ನೀವ್ಯಾರು ಹೇಳೋಕೆ? ನಾಲ್ಕು ಹೊಲಿಗೆ ಬಿಚ್ಚಿದ ತಕ್ಷಣ ನಮ್ಮನೆ ಕತೆಯೆಲ್ಲ ನಿಮ್ದಾಗೋಯ್ತಾ? ದೊಡ್ಡಮ್ಮನ ಕೈಗೆ ನಾನೇ ಕೊಡ್ಬೇಕಾಗಿತ್ತು. ನಾನೇ ಹೇಳ್ಬೇಕಾಗಿತ್ತು. ಅದೊಂದನ್ನೂ ನೀವು ಕಿತ್ಕೊಂಡ್ರಿ."

"ನನಗೆ ಗೊತ್ತಿರಲಿಲ್ಲ..."

"ಗೊತ್ತಿಲ್ದೆ ಇದ್ರೆ ಬಾಯಿ ಮುಚ್ಕೊಂಡಿರ್ಬೇಕು. ಹೊರಡಿ. ನಿಮ್ಮಂಗಡಿ ಮೆಟ್ಟಿಲು ಇನ್ನು ನಾನು ತುಳಿಯಲ್ಲ."

ಅವನು ತಲೆ ತಗ್ಗಿಸಿ ಹೋದ. ಅವಳು ಧಡಾರನೆ ಬಾಗಿಲು ಹಾಕಿದಳು. ಹಾಕಿ ತಿರುಗಿದರೆ ದೊಡ್ಡಮ್ಮ ಎದ್ದು ನಿಂತಿದ್ದಳು. ಇಷ್ಟು ದಿನ ಕಟ್ಟಿಟ್ಟ ಕೋಪ ಅವಳಿಗೂ ಇತ್ತಲ್ಲ.

"ಎಸೆದೆ ಅಂದೆಯಲ್ಲೇ ನನಗೆ? ಇಷ್ಟು ದಿನ ಕೋಣೇಲಿ ಕೂತು ಅತ್ತಿದ್ದೀನಿ. ಬಟ್ಟೆಗಲ್ಲ. ನಾನು ಸಾಕಿದ ಮಗು ಇಂಥ ಕಲ್ಲು ಮನಸ್ಸಿನವಳಾ ಅಂತ."

"ನೀನು ಮಾತ್ರ? ನನ್ನ ಎಸೆದು ಹೋಗ್ತಿಲ್ವಾ ನೀನು?"

ಮಾತು ಹೊರಗೆ ಬಿದ್ದಿತ್ತು. ಈ ಸಲ ಅವಳು ಅದನ್ನು ಕೋಪದ ಹಿಂದೆ ಬಚ್ಚಿಡಲಿಲ್ಲ. ಬಾಗಿಲಿಗೆ ಒರಗಿ ಕುಸಿದು ಕೂತಳು.

"ಹೋಗ್ಬೇಡ ಅನ್ಬೇಕು ಅನ್ನಿಸ್ತು ದೊಡ್ಡಮ್ಮ. ಬಾಯಿಗೆ ಬರಲಿಲ್ಲ. ಎಸೆದೆ ಅಂತ ಬಂತು."

ದೊಡ್ಡಮ್ಮ ಮಂಡಿ ನೋವನ್ನು ಶಪಿಸುತ್ತಾ ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು.

"ನೀನು ಹೋಗ್ಬೇಡ ಅಂದಿದ್ರೆ ನಾನು ಉಳ್ಕೊಂಡುಬಿಡ್ತಿದ್ದೆ. ಅದು ನಿನಗೂ ಗೊತ್ತಿತ್ತು. ಅದಕ್ಕೇ ನೀನು ಅನ್ನಲಿಲ್ಲ."

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

"ನಿನಗೆ ಜ್ವರ ಅಂತ ಒಂದು ಫೋನ್ ಬಂದ್ರೆ ಹೊರಟು ಬಂದ್ಬಿಡ್ತೀನಿ. ನಾನು ಕಟ್ಕೊಳ್ತಿರೋದು ಆಂಬುಲೆನ್ಸ್ ಡ್ರೈವರನ್ನ ಕಣೇ. ಅವರಷ್ಟು ಜೋರಾಗಿ ಯಾರು ಕರ್ಕೊಂಡು ಬರ್ತಾರೆ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ನಾನು ಅವರನ್ನ ಸೈರನ್ ಅಂತಾನೇ ಕರೆಯೋದು."

"ನನಗೆ ಗೊತ್ತು, ಕರಿ. ಅವರಿಗೆ ಆಗಲೇ ಹೇಳಿದ್ದೀನಿ, ನಕ್ಕರು." ದೊಡ್ಡಮ್ಮ ಸೆರಗಿನಿಂದ ಅವಳ ಮೂಗು ಒರೆಸಿದಳು. "ಆ ಹುಡುಗನಿಗೆ ಅಷ್ಟೊಂದು ಬೈದೆ. ಅವನು ಬರದೆ ಹೋಗಿದ್ರೆ ನಾವಿಬ್ರೂ ಭಾನುವಾರದ ತನಕ ಗೋಡೆ ನೋಡ್ಕೊಂಡೇ ಕೂತಿರ್ತಿದ್ವಿ. ಹೋಗಿ ರಜಾಯಿ ಮುಗಿಸು. ಅರ್ಧಂಬರ್ಧ ತಂದು ತೋರಿಸ್ಬೇಡ."

---

ಗುರುವಾರ ಅವಳು ಹೋಗಲಿಲ್ಲ. ಜಂಬ ಬಿಡಬೇಕಲ್ಲ. ರಜಾಯಿಯೋ ಅವನ ಮೇಜಿನ ಮೇಲೆ. ಮೆಟ್ಟಿಲು ತುಳಿಯಲ್ಲ ಎಂದು ಬಂದದ್ದು ಅವಳ ಬಾಯಿಂದ. ದಿನವಿಡೀ ಮೆಷಿನ್ ಮುಂದೆ ಕೂತು ಯಾರದೋ ಜುಬ್ಬಾದ ತೋಳನ್ನು ತಿರುಗಾಮುರುಗಾ ಹೊಲಿದು ಮತ್ತೆ ಬಿಚ್ಚಿದಳು.

ಶುಕ್ರವಾರ ಬೆಳಿಗ್ಗೆ ಮೆಟ್ಟಿಲು ತುಳಿದಳು.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಮೇಜಿನ ಮೇಲೆ ರಜಾಯಿಯ ಕೊನೆಯ ಹೊಲಿಗೆಯೂ ಬಿಚ್ಚಿಕೊಂಡಿತ್ತು. ಹಾಲು ಹತ್ತಿಯ ಒಂದು ಎಳೆಯೂ ಉಳಿಯದ ಹಾಗೆ ಬಟ್ಟೆಯನ್ನು ಬಿಡಿಸಿ, ಒದರಿ, ಮಡಚಿಟ್ಟಿದ್ದ. ಅವಳನ್ನು ನೋಡಿದ್ದೇ ತಡ, ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿದ.

"ಏನದು?"

"ಏನಿಲ್ಲ."

ಅವಳ ಕಣ್ಣು ಬಟ್ಟೆಯ ಮೇಲೆ ಬಿತ್ತು. ಬಿಳಿ ತುಂಡಿನ ನಟ್ಟ ನಡುವೆ ಕೆಂಪು ಕಲೆ.

"ರಕ್ತ!"

"ಕತ್ತರಿ ಜಾರ್ತು... ನೀವು ಬರಲ್ಲ ಅಂದ್ರಿ. ಭಾನುವಾರ ಹತ್ರ ಬಂತು. ಬಿಚ್ಚಿಯಾದ್ರೂ ಇಟ್ರೆ..."

"ನಿನಗೆ ಬುದ್ಧಿ ಇದೆಯಾ?" ಅವಳು ಗುಡುಗಿದಳು. "ಬಿಳಿ ಬಟ್ಟೆ ಮೇಲೆ ಕೈ ಕುಯ್ಕೊಂಡು ಕೂತಿದ್ದೀಯಲ್ಲ, ನಿನ್ನನ್ನ ಏನಂತ ಬೈಲಿ ನಾನು? ಕೊಡು ಕೈ ಇಲ್ಲಿ. ಎಷ್ಟು ಆಳ ಹೋಗಿದೆ ನೋಡು. ಇದಕ್ಕೆ ಬಟ್ಟೆ ಚಿಂದಿ ಕಟ್ಕೊಂಡಿದ್ದೀಯ. ನರ್ಸ್ ಮನೇಲಿ ಬೆಳೆದವಳಿಗೆ ಇದನ್ನ ನೋಡೋ ಕರ್ಮ."

ಅವನು ಕೈ ಕೊಟ್ಟು ಸುಮ್ಮನೆ ನಿಂತ. ಬೈಗುಳ ಬೀಳುತ್ತಿದ್ದರೂ ಅವನ ಮುಖದಲ್ಲಿ ನೋವಿರಲಿಲ್ಲ.

"ಬಿಸಿನೀರು ಕಾಯಿಸ್ಲಾ, ಕಲೆಗೆ?" ಎಂದ ಮೆಲ್ಲಗೆ.

"ಬಿಸಿನೀರು ಹಾಕಿದ್ರೆ ರಕ್ತ ಅಲ್ಲೇ ಮನೆ ಕಟ್ಕೊಂಡು ಕೂರುತ್ತೆ. ತಣ್ಣೀರು ಬೇಕು. ದೊಡ್ಡಮ್ಮನ ಕೋಟಿಗೆ ರಕ್ತ ಏನು ಹೊಸದಾ?"

ಹಿತ್ತಲ ನಲ್ಲಿಯ ಕೆಳಗೆ ಮೊದಲು ಅವನ ಬೆರಳು ತೊಳೆದು, ತನ್ನ ಕರ್ಚೀಫು ಹರಿದು ಬಿಗಿಯಾಗಿ ಕಟ್ಟಿದಳು. ಆಮೇಲೆ ಬಟ್ಟೆಯನ್ನು ತಣ್ಣೀರಿಗೆ ಹಿಡಿದು, ಸೋಪು ಸವರಿ, ಬೆರಳ ತುದಿಯಲ್ಲೇ ತಿಕ್ಕಿದಳು. ಕೆಂಪು ಹೋಗಿ ತಿಳಿಗುಲಾಬಿಯಾಯಿತು, ಅದೂ ಹೋಗಿ ಬಟ್ಟೆಯ ಬಣ್ಣ ಉಳಿಯಿತು.

ಆಗ ಅವಳಿಗೆ ಹೊಳೆಯಿತು. ತಾನು ಬೈದ ಅಷ್ಟೂ ಮಾತು ಏಕವಚನದಲ್ಲಿತ್ತು.

ಕಿವಿ ಬಿಸಿಯಾಯಿತು. ಅವನ ಕಡೆ ನೋಡಿದಳು. ಅವನು ಕಟ್ಟಿದ ಬೆರಳನ್ನು ನೋಡಿಕೊಳ್ಳುತ್ತಾ ನಗುತ್ತಿದ್ದ.

"ಏನು?"

"ಏನಿಲ್ಲ. ಚೆನ್ನಾಗಿ ಬೈತೀರಿ."

"ಕೋಪ ಬಂದಾಗ ಬಾಯಿ ತಪ್ಪುತ್ತೆ. ಮನಸ್ಸಿಗೆ ಹಚ್ಕೋಬೇಡಿ."

"ಹಚ್ಕೊಂಡಾಯ್ತು," ಎಂದ ಅವನು.

ಅವಳು ನಲ್ಲಿ ನಿಲ್ಲಿಸುವುದನ್ನೇ ಮರೆತಳು.

---

ಶನಿವಾರ ದೊಡ್ಡಮ್ಮ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಬಂದಳು. ಆಫೀಸಿನಿಂದ ಹುಡುಗಿ ನೆಟ್ಟಗೆ ಹತ್ತಿ ಅಂಗಡಿಗೆ ಹೋಗಿ ಕೊನೆಯ ಸಾಲು ಹೊಲಿದಳು. ಅಂಚು ಕತ್ತರಿಸಿ ಇಸ್ತ್ರಿ ಹಾಕಿದ ಮೇಲೂ ಗೆರೆಗಳು ಕಂಡಿದ್ದವು. ಒಳಗೆ ಸುಣ್ಣ, ಅದರ ಮೇಲೆ ಅವನ ಮಲ್ ಬಟ್ಟೆ, ಮೇಲೆ ಕೋಟುಗಳು. ಬೆಳಕಿಗೆ ಹಿಡಿದರೆ ಈಗ ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ.

ಭಾನುವಾರ ಬೆಳಿಗ್ಗೆ ಸೈರನ್ ಕಾರು ತಂದು ಮನೆ ಮುಂದೆ ನಿಲ್ಲಿಸಿದರು. ದೊಡ್ಡಮ್ಮನ ಅಪ್ಪಣೆಯಂತೆ ಹತ್ತಿ ಅಂಗಡಿಯವನೂ ಬಂದು ಪೆಟ್ಟಿಗೆಗಳನ್ನು ಹೊತ್ತು ಡಿಕ್ಕಿಗೆ ತುಂಬಿದ. ಪಡಸಾಲೆಯಲ್ಲಿ ಹುಡುಗಿ ರಜಾಯಿಯನ್ನು ದೊಡ್ಡಮ್ಮನ ಮಡಿಲಿಗಿಟ್ಟಳು.

ದೊಡ್ಡಮ್ಮ ಮೊದಲು ಮಾಡಿದ್ದು ಏನು ಗೊತ್ತಾ? ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ, ವಾರ್ಡಿನ ಹಾಸಿಗೆ ತಪಾಸಣೆ ಮಾಡುವವಳ ಹಾಗೆ ಮೂಲೆಯಿಂದ ಮೂಲೆಗೆ ಪರೀಕ್ಷಿಸಿದಳು.

"ಒಂದು ಕಲೆ ಇಲ್ಲ," ಎಂದಳು ದೊಡ್ಡಮ್ಮ.

ಆಮೇಲೆ ಅವಳ ಕೈಗೆ ನಡುವಿನ ತುಂಡು ಸಿಕ್ಕಿತು. ಅಲ್ಲಿ ಕೋಟಿನ ಜೇಬನ್ನು ಬಿಚ್ಚದೆ ಹಾಗೇ ಉಳಿಸಲಾಗಿತ್ತು. ಅದರೊಳಗೆ ಅವಳ ಕೈ ತಾನಾಗಿಯೇ ಇಳಿಯಿತು. ದೊಡ್ಡಮ್ಮ ಆ ಜೇಬಿನಲ್ಲಿ ಕೈಯಿಟ್ಟುಕೊಂಡೇ ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದಳು.

"ಡ್ಯೂಟಿಗೆ ಹೊರಟ ಹಾಗಿದೆ ಕಣೇ," ಎಂದಳು.

"ಹೋಗಿ ಬಾ," ಎಂದಳು ಹುಡುಗಿ. ಇಷ್ಟು ದಿನ ಆಡಲಾಗದೆ ಉಳಿದಿದ್ದ ಮಾತು. ಅದನ್ನು ಅತ್ತುಕೊಂಡೇ ಹೇಳಿದಳು, ಆದರೆ ಹೇಳಿದಳು.

ಕಾರು ತಿರುವು ದಾಟುವ ತನಕ ಅವಳು ಗೇಟಿನಲ್ಲೇ ನಿಂತಿದ್ದಳು. ಕೈ ಬೀಸಿದಳು, ಕಣ್ಣು ಒರೆಸಿಕೊಂಡಳು, ಮತ್ತೆ ಕೈ ಬೀಸಿದಳು. ಆಮೇಲೆ ಒಳಗೆ ಬಂದಳು. ಮನೆ ಬಿಕೋ ಅನ್ನುತ್ತಿತ್ತು. ಗೋಡೆಯ ಗೂಟದಲ್ಲಿ ದೊಡ್ಡಮ್ಮನ ಛತ್ರಿ ಇರಲಿಲ್ಲ.

ಹತ್ತಿ ಅಂಗಡಿಯವನು ಉಳಿದ ಹಗ್ಗಗಳನ್ನು ಸುತ್ತಿ ಮೂಲೆಗಿಟ್ಟ. ಬಾಗಿಲ ಹತ್ತಿರ ಹೋದ.

"ಹಾಗಾದ್ರೆ... ನಾನು ಬರ್ತೀನಿ."

ಅವಳಿಗೆ ಒಳಗಿನಿಂದ ಕೋಪ ಕುದಿದು ಬಂತು. ಹೋಗಿ, ಎಲ್ಲರೂ ಹೋಗಿ, ಕೆಲಸ ಮುಗೀತಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳಿಗೆ ಆ ಮಾತುಗಳ ಪರಿಚಯ ಚೆನ್ನಾಗಿತ್ತು. ಅವನ್ನು ಆಡುವುದು ಎಷ್ಟು ಸುಲಭ ಎಂಬುದೂ ಗೊತ್ತಿತ್ತು.

ಅವಳು ಅವನ್ನು ನುಂಗಿದಳು.

"ಹೋಗ್ಬೇಡ," ಎಂದಳು.

ಅವನು ಚಪ್ಪಲಿಗೆ ಇಟ್ಟ ಕಾಲು ಹಾಗೇ ನಿಂತಿತು.

"ಈಗ ಕೋಪ ಬಂದಿದೆಯಾ?" ಎಂದು ಕೇಳಿದ ಅವನು, ಬಹಳ ಮೆಲ್ಲಗೆ.

"ಇಲ್ಲ." ಅವಳು ತಲೆಯಾಡಿಸಿದಳು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು. "ಕೋಪ ಇಲ್ಲ. ಬಾಯಿ ತಪ್ಪಿನೂ ಬಂದಿಲ್ಲ. ಹೋಗ್ಬೇಡ ನೀನು. ಇವತ್ತು ಅಂತಲ್ಲ... ಯಾವತ್ತೂ."

ಅವನು ಚಪ್ಪಲಿಯಿಂದ ಕಾಲು ಹೊರಗೆ ತೆಗೆದ. ಎರಡನ್ನೂ ಜೋಡಿಸಿ ಗೋಡೆಯ ಪಕ್ಕಕ್ಕೆ ಸರಿಸಿಟ್ಟ. ಒಳಗೆ ಬಂದು ಅವಳೆದುರು ನಿಂತ.

"ಹೋಗಲ್ಲ."

"ನಾನು ತುಂಬಾ ಬೈತೀನಿ."

"ಗೊತ್ತು."

"ತಪ್ಪು ಒಪ್ಕೊಳ್ಳಲ್ಲ."

"ಅದೂ ಗೊತ್ತು. ನಾನೂ ಒಪ್ಕೊಳ್ಳಲ್ಲ." ಅವನು ಕಟ್ಟು ಹಾಕಿದ ಬೆರಳಿನ ಕೈಯಿಂದಲೇ ಅವಳ ಕೆನ್ನೆ ಒರೆಸಿದ. "ಟೀ ಮಾಡ್ತೀಯಾ?"

"ನೀನೇ ಮಾಡು," ಎಂದಳು ಅವಳು, ಅವನ ಕೈಯನ್ನು ಬಿಡದೆ.